ಮೊಲದ ಹೊಟ್ಟೆ ಉಬ್ಬಿದರೆ ಬೆಳಗಿನ ತನಕ ಕಾಯಬೇಡಿ

ಮೊಲ ಸಾಕಿದವರು ದಯವಿಟ್ಟು ಇದನ್ನು ಓದಿ. ಹೋದ ವಾರ ನೆಂಟರ ಮಕ್ಕಳು ಪ್ರೀತಿಯಿಂದ ನಮ್ಮ ಮೊಲಕ್ಕೆ ಮಂಡಕ್ಕಿ ತಿನ್ನಿಸಿದ್ದರು, ದಾವಣಗೆರೆ ಮನೆಗಳಲ್ಲಿ ಮಂಡಕ್ಕಿ ಡಬ್ಬ ಯಾವಾಗಲೂ ಕೈಗೆ ಸಿಗುತ್ತದೆ ಅಲ್ವಾ. ರಾತ್ರಿ ಹೊತ್ತಿಗೆ ಅದು ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು, ಕೊತ್ತಂಬರಿ ಸೊಪ್ಪು ಮೂಗಿಗೆ ಹಿಡಿದರೂ ಮುಖ ತಿರುಗಿಸಿತು. ಗೂಡಿನಲ್ಲಿ ನಾಲ್ಕೈದೇ ಹಿಕ್ಕೆ, ಅವೂ ಕಾಳುಮೆಣಸಿಗಿಂತ ಚಿಕ್ಕವು.

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. 10-12 ಗಂಟೆ ಏನೂ ತಿನ್ನದಿದ್ದರೆ ಜೀವಕ್ಕೇ ಅಪಾಯ.

ಮೊದಲು ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿ. ತಮಟೆ ಥರ ಬಿಗಿಯಾಗಿದ್ದು ಕಿವಿ ತಣ್ಣಗಿದ್ದರೆ ಮನೆಮದ್ದು ಬೇಡವೇ ಬೇಡ, ಸಿರಿಂಜ್‌ನಲ್ಲಿ ಊಟ ತುರುಕಬೇಡಿ, ಹೊಟ್ಟೆ ಒತ್ತಬೇಡಿ, ಆ ಕ್ಷಣವೇ ಪಶುವೈದ್ಯರ ಹತ್ತಿರ ಹೊರಡಿ. ಹೊಟ್ಟೆ ಮೆತ್ತಗಿದ್ದು ಓಡಾಡುತ್ತಿದ್ದರೂ ಡಾಕ್ಟರಿಗೆ ಫೋನ್ ಮಾಡಿ. ಅಲ್ಲಿಯವರೆಗೆ ಬೆಚ್ಚಗಿನ ನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕದಲ್ಲಿಡಿ, ಮೊಲ ಬೇಕಾದರೆ ಒರಗಲಿ, ಬೇಡವಾದರೆ ದೂರ ಸರಿಯಲಿ. ಒಣಹುಲ್ಲು, ನೀರು ಎದುರಿಗೇ ಇರಲಿ. ಮಕ್ಕಳ ಗ್ಯಾಸಿಗೆ ಕೊಡುವ ಸಿಮೆಥಿಕೋನ್ ಡ್ರಾಪ್ಸ್ ಕೆಲವರು ಹಾಕುತ್ತಾರೆ, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮಾತ್ರ ಬಾಯಿಗೆ ಹಾಕಲೇಬೇಡಿ, ಅದು ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ.

ನಮ್ಮದು ಎರಡನೇ ದಿನ ಸಂಜೆ ಒಂದು ಎಳೆ ಗರಿಕೆ ಕಚ್ಚಿತು, ಆಗ ನನಗೆ ಉಸಿರು ಬಂತು. ಈಗ ಮಂಡಕ್ಕಿ, ಬಿಸ್ಕತ್ತು, ಮೆಕ್ಕೆಜೋಳ ಎಲ್ಲ ಬಂದ್. ತಿನ್ನುವುದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ.