ಸ್ಟ್ಯಾನ್ ಲಾರೆಲ್ ಚಿತ್ರಗಳಲ್ಲಿ ಮ್ಯೂಸಿಕ್ ಹಾಲ್ ರಂಗವನ್ನು ಗುರುತಿಸುವ ಬಗೆ

ಲಾರೆಲ್–ಹಾರ್ಡಿ ಜೋಡಿಯ ಚಿತ್ರಗಳನ್ನು ಬಾಲ್ಯದಿಂದ ನೋಡಿ ನಕ್ಕವರಿಗೂ ಸ್ಟ್ಯಾನ್ ಲಾರೆಲ್ ಅವರ ಕಲೆಯ ಬೇರು ಎಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಆದ್ದರಿಂದ ಚಿತ್ರಗಳಿಗಿಂತ ಮೊದಲು ಅವರ ರಂಗಜೀವನವನ್ನು ಅರಿಯಿರಿ. 1890ರಲ್ಲಿ ಇಂಗ್ಲೆಂಡಿನ ಅಲ್ವರ್‌ಸ್ಟನ್‌ನಲ್ಲಿ ಹುಟ್ಟಿದ ಆರ್ಥರ್ ಸ್ಟ್ಯಾನ್ಲಿ ಜೆಫರ್ಸನ್ (ಲಾರೆಲ್ ಅವರ ಮೂಲ ಹೆಸರು), ರಂಗಮಂದಿರಗಳನ್ನು ನಡೆಸುತ್ತಿದ್ದ ತಂದೆಯ ಆಶ್ರಯದಲ್ಲಿ ಬೆಳೆದು, 1906ರಲ್ಲಿ ಗ್ಲಾಸ್ಗೋದ ಪನಾಪ್ಟಿಕನ್ ಮ್ಯೂಸಿಕ್ ಹಾಲ್‌ನಲ್ಲಿ ಹಾಸ್ಯನಟರಾಗಿ ವೇದಿಕೆ ಹತ್ತಿದರು. ಮ್ಯೂಸಿಕ್ ಹಾಲ್ ಎಂದರೆ ಹಾಡು, ಕುಣಿತ, ಹಾಸ್ಯಗಳನ್ನು ಬೆರೆಸಿ ಜನಸಾಮಾನ್ಯರನ್ನು ರಂಜಿಸುತ್ತಿದ್ದ ಬ್ರಿಟಿಷ್ ರಂಗಮಂದಿರ. 1910ರಲ್ಲಿ ಫ್ರೆಡ್ ಕಾರ್ನೊ ಅವರ ಹಾಸ್ಯ ಪ್ರಹಸನಗಳ ತಂಡದೊಡನೆ ಅಮೆರಿಕಕ್ಕೆ ಹೊರಟಾಗ ಅವರು ಅದೇ ತಂಡದ ಚಾರ್ಲಿ ಚಾಪ್ಲಿನ್ ಅವರಿಗೆ ಬದಲಿ ನಟರೂ ಆಗಿದ್ದರು.

ಕಾರ್ನೊ ತಂಡದ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಮ್ಯೂಸಿಕ್ ಹಾಲ್‌ಗಳಲ್ಲಿ ಮಾತಿನ ನಾಟಕಗಳಿಗೆ ಕಾನೂನಿನ ನಿರ್ಬಂಧವಿದ್ದ ಕಾಲದಲ್ಲಿ ಬೆಳೆದ ಅವರ ಪ್ರಹಸನಗಳು ಮೂಕಾಭಿನಯವನ್ನೇ ನೆಚ್ಚಿಕೊಂಡಿದ್ದವು. ನಟನು ಮುಖ, ಕೈಕಾಲು ಮತ್ತು ನಡಿಗೆಯಿಂದಲೇ ಹಿಂದಿನ ಸಾಲಿನವರನ್ನೂ ತಲುಪಬೇಕಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1929ರ ಮೂಕಿಚಿತ್ರ ‘ಬಿಗ್ ಬಿಸಿನೆಸ್’ನಿಂದ ಆರಂಭಿಸಿ. ಒಬ್ಬನು ಇನ್ನೊಬ್ಬನ ವಸ್ತುವನ್ನು ಒಡೆಯುವಾಗ ಎದುರಾಳಿಯು ತಡೆಯದೆ ಸುಮ್ಮನೆ ನಿಂತು ನೋಡುತ್ತಾನೆ, ಆಮೇಲಷ್ಟೇ ತನ್ನ ಸರದಿಯನ್ನು ತೀರಿಸಿಕೊಳ್ಳುತ್ತಾನೆ. ಆ ನಿಲುವಿನ ಮೇಲೆಯೇ ಕಣ್ಣಿಡಿ. ಲಾರೆಲ್ ಅವರ ಪಾದಗಳನ್ನೂ ಗಮನಿಸಿ: ಬೂಟಿನ ಹಿಮ್ಮಡಿಯನ್ನು ತೆಗೆಸಿದ್ದರಿಂದಲೇ ಆ ಚಪ್ಪಟೆ ನಡಿಗೆ ಬಂದಿತ್ತು.

ಬಳಿಕ ಉದ್ದನೆಯ ಮೆಟ್ಟಿಲುಗಳ ಮೇಲೆ ಪಿಯಾನೊ ಹೊತ್ತೊಯ್ಯುವ, 1932ರಲ್ಲಿ ತೆರೆಕಂಡು ಆಸ್ಕರ್ ಗೆದ್ದ ‘ದಿ ಮ್ಯೂಸಿಕ್ ಬಾಕ್ಸ್’ ನೋಡಿ. ಈ ಚಿತ್ರವನ್ನು ಒಬ್ಬರೇ ಮೊಬೈಲಿನಲ್ಲಿ ನೋಡಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ತೆರೆಯ ಹಿಂದೆ ಹಾಸ್ಯ ಹೊಸೆಯುವುದರಲ್ಲೂ ಸಂಕಲನದಲ್ಲೂ ಲಾರೆಲ್ ಅವರ ಪಾಲು ದೊಡ್ಡದಾಗಿತ್ತು. ಪ್ರೇಕ್ಷಕರ ಮುಂದೆ ಚಿತ್ರವನ್ನು ಮೊದಲೇ ತೋರಿಸಿ, ನಗು ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆದು, ಮುಂದಿನ ಮಾತು ಅದರಲ್ಲಿ ಮುಳುಗಿಹೋಗದಂತೆ ದೃಶ್ಯಗಳ ನಡುವೆ ಬಿಡುವನ್ನು ಹೊಂದಿಸುವ ಕ್ರಮವಿತ್ತು. ಒಂಟಿಯಾಗಿ ನೋಡುವವರಿಗೆ ನಿಧಾನವೆನಿಸುವ ಗಳಿಗೆಗಳು ಹೆಚ್ಚಾಗಿ ಇವೇ. ಮನೆಮಂದಿಯನ್ನು ಕೂಡಿಸಿಕೊಂಡು ನೋಡಿ, ಅವರು ನಕ್ಕ ಜಾಗಗಳನ್ನು ಗುರುತುಮಾಡಿಕೊಳ್ಳಿ. ಮರುದಿನ ಒಬ್ಬರೇ ಮತ್ತೊಮ್ಮೆ ನೋಡಿದಾಗ ಅದೇ ಜಾಗಗಳಲ್ಲಿ ಹಾರ್ಡಿ ಕ್ಯಾಮೆರಾದತ್ತ ದಿಟ್ಟಿಸುತ್ತಲೋ, ಲಾರೆಲ್ ತಲೆ ಕೆರೆದುಕೊಳ್ಳುತ್ತಲೋ ನಿಮ್ಮ ನಗುವಿಗಾಗಿ ಕಾಯುತ್ತಿರುವುದು ಕಾಣುತ್ತದೆ.