ಐವತ್ತು ಕಿಲೋ ಚೀಲ ಮತ್ತು ನನ್ನ ಪರೀಕ್ಷೆಗಳು

ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದು, ಶಾಲೆಯ ನೌಕರಿ ಸಿಗದೆ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಗೋದಾಮಿನ ಮೇಲ್ವಿಚಾರಕನಾದ ನನಗೆ, ಹಂಗಾಮಿನಲ್ಲಿ ಹೊಸ ಹಮಾಲರನ್ನು ಆರಿಸುವ ಕೆಲಸವೂ ಅಂಟಿಕೊಂಡಿತು. ಅಲ್ಲಿಯವರೆಗೆ ಆಯ್ಕೆಯೆಂದರೆ ಮೈಕಟ್ಟು ನೋಡುವುದಷ್ಟೇ. ಜಾತ್ರೆಯಲ್ಲಿ ಕ್ವಿಂಟಲ್ ಚೀಲ ಎತ್ತಿದವನಿಗಂತೂ ಮರುಮಾತಿಲ್ಲದೆ ಕೆಲಸ ಸಿಗುತ್ತಿತ್ತು. ಅಂಥವರಲ್ಲಿ ಕೆಲವರು ಮಧ್ಯಾಹ್ನದ ಊಟದ ಬಳಿಕ ಲಾರಿಯ ನೆರಳು ಬಿಟ್ಟು ಏಳುತ್ತಿರಲಿಲ್ಲ.

ದೇಹಶಕ್ತಿ ಒಂದೇ ಗುಣವಲ್ಲ, ಒಮ್ಮೆಲೇ ಹಾಕುವ ಬಲ, ಪದೇಪದೇ ಹಾಕುವ ಬಲ, ನಡುಮೈಯ ಬಲ, ದಮ್ಮು, ಸಮತೋಲ ಇವೆಲ್ಲ ಬೇರೆಬೇರೆ ಎಂದು ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಫ್ಲೈಶ್‌ಮನ್ 1964ರಲ್ಲೇ ವಿಂಗಡಿಸಿದ್ದನ್ನು ಕಾಲೇಜಿನಲ್ಲಿ ಓದಿದ್ದೆ. ಅದನ್ನೇ ನೆಚ್ಚಿ ಎರಡು ಪರೀಕ್ಷೆ ಆರಿಸಿಕೊಂಡೆ. ಒಂದು, ಅಂಗೈಯ ಹಿಡಿತ ಅಳೆಯುವ ಡೈನಮೋಮೀಟರ್. ಇನ್ನೊಂದು ಹಾರ್ವರ್ಡ್ ಸ್ಟೆಪ್ ಟೆಸ್ಟ್: 20 ಅಂಗುಲ ಎತ್ತರದ ಬೆಂಚನ್ನು ನಿಮಿಷಕ್ಕೆ 30 ಸಲದಂತೆ ಐದು ನಿಮಿಷ ಹತ್ತಿಳಿದು ಕುಳಿತ ಮೇಲೆ, ಒಂದು, ಎರಡು, ಮೂರು ನಿಮಿಷ ಮುಗಿದಾಗ ತಲಾ ಅರ್ಧ ನಿಮಿಷ ನಾಡಿ ಎಣಿಸಬೇಕು, ನಾಡಿ ಬೇಗ ಇಳಿದಷ್ಟೂ ಅಂಕ ಹೆಚ್ಚು.

ಮೊದಲ ಸಲ ಎಡವಿದ್ದು ನಾನೇ. ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ, ಭತ್ತ ಒಣಹಾಕುವ ಸಿಮೆಂಟಿನ ಕಣದಲ್ಲಿ ಬೆಂಚು ಹಾಕಿಸಿದೆ. ಬಿಸಿಲೇ ನಾಡಿಯನ್ನು ಏರಿಸುತ್ತದೆಂಬುದು ಪಾಠದಲ್ಲಿ ಗೊತ್ತಿದ್ದೂ ಕೆಲಸದಲ್ಲಿ ಮರೆತಿದ್ದೆ. ಗಟ್ಟಿಗರಿಗೂ ಕಳಪೆ ಅಂಕ ಬಂತು. ಎಲ್ಲರನ್ನೂ ಮರುವಾರ ಬೆಳಗಿನ ಏಳು ಗಂಟೆಗೆ ಮತ್ತೆ ಕರೆಯಬೇಕಾಯಿತು.

ಅಂಕಗಳನ್ನು ಕೆಲಸದೊಂದಿಗೆ ಹೊಂದಿಸಿ ನೋಡಿದಾಗ, ಕೆಲಸವನ್ನು ಹೇಗೆ ಅಳೆಯುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಯಿತು. ಮೊದಲ ಹತ್ತು ಚೀಲಗಳ ವೇಗಕ್ಕೆ ಹಿಡಿತದ ಅಂಕ ಸ್ವಲ್ಪಮಟ್ಟಿಗೆ ತಾಳೆಯಾಗುತ್ತಿತ್ತು. ಊಟದ ನಂತರ ಹೊತ್ತ ಚೀಲಗಳ ಲೆಕ್ಕಕ್ಕೆ ಸ್ಟೆಪ್ ಟೆಸ್ಟ್ ಹೆಚ್ಚು ಹತ್ತಿರವಾಗಿತ್ತು. ಮಾಲೀಕರು ಕೂಲಿ ಕೊಡುವುದು ಇಡೀ ದಿನದ ಚೀಲಗಳಿಗಾದ್ದರಿಂದ, ನನಗೆ ಬೇಕಾದದ್ದು ಎರಡನೆಯದೇ.

ಹಳಬರ ವಿಷಯದಲ್ಲಿ ಮಾತ್ರ ಎರಡೂ ಪರೀಕ್ಷೆಗಳು ಕೈಕೊಟ್ಟವು. ದಮ್ಮಿಲ್ಲದವರು ವರ್ಷಗಳ ಹಿಂದೆಯೇ ಈ ಕೆಲಸ ಬಿಟ್ಟು ಹೋಗಿದ್ದರು. ಉಳಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದವರಾದ್ದರಿಂದ ಅಂಕಗಳಲ್ಲಿ ಅಂತರವೇ ಇರಲಿಲ್ಲ. ಅವರ ನಡುವಿನ ವ್ಯತ್ಯಾಸವಿದ್ದದ್ದು ವರಸೆಯಲ್ಲಿ. ತೌಡು ಮೆತ್ತಿದ ಅಂಗೈಯಿಂದ ಡೈನಮೋಮೀಟರ್ ಜಾರಿದಾಗ ಹಿರಿಯ ಹಮಾಲರೊಬ್ಬರು, "ಸರ, ಚೀಲ ಹೊರೋದು ಕೈಯಾಗಲ್ರಿ, ಬೆನ್ನಿನ ಮ್ಯಾಲೆ" ಎಂದು ನಕ್ಕರು. ಇಬ್ಬರು ಎತ್ತಿಕೊಟ್ಟ ಚೀಲವನ್ನು ಅವರು ಹೆಗಲ ಹಿಂಭಾಗಕ್ಕೆ ಕೂರಿಸಿಕೊಂಡು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಓಡುನಡಿಗೆಯಿಟ್ಟು, ಹಲಗೆ ಬಾಗಿ ಮೇಲೇಳುವ ಗಳಿಗೆಗೇ ಕಾಲೆತ್ತಿ ಲಾರಿ ಹತ್ತುತ್ತಿದ್ದರು. ಹಲಗೆಯೇ ಅವರನ್ನು ಅಷ್ಟು ಎತ್ತಿಕೊಡುತ್ತಿತ್ತು. ನನ್ನ ಯಾವ ಯಂತ್ರವೂ ಅದನ್ನು ಅಳೆಯುವಂತಿರಲಿಲ್ಲ.

ಈಗ ಹೊಸಬರಿಗೆ ಬೆಳಿಗ್ಗೆ ಸ್ಟೆಪ್ ಟೆಸ್ಟ್ ಮಾಡಿಸಿ, ನಂತರ ಅದೇ ಹಲಗೆಯ ಮೇಲೆ ಹಳಬರ ಜೊತೆ ಪೂರ್ತಿ ಕೂಲಿ ಕೊಟ್ಟು ಒಂದು ದಿನ ದುಡಿಸುತ್ತೇನೆ. ಊಟದ ಮುಂಚಿನ ಮತ್ತು ನಂತರದ ಚೀಲಗಳನ್ನು ಬೇರೆಬೇರೆ ಬರೆದಿಡುತ್ತೇನೆ. ಡೈನಮೋಮೀಟರ್ ತೂಕದ ಕೋಣೆಯ ಕಪಾಟಿನಲ್ಲಿದೆ.