ಮಗುವಿಗೆ ಆಪರೇಷನ್ ಇದ್ದರೆ ಮೊದಲೇ ನಿಜ ಹೇಳಿಬಿಡಿ

ಹೋದ ತಿಂಗಳು ಬೆಳಗಾವಿಯಲ್ಲಿ ನಮ್ಮ ಆರು ವರ್ಷದ ಮಗನಿಗೆ ಟಾನ್ಸಿಲ್ ಆಪರೇಷನ್ ಆಯಿತು. ಅವನ ಆಯಿ (ಅಜ್ಜಿ) ಪ್ರೀತಿಯಿಂದ "ಸೂಜಿ ಗೀಜಿ ಏನೂ ಇಲ್ಲೋ ತಮ್ಮಾ, ಕುಂದಾ ಕೊಡಸ್ತೀನಿ ಬಾ" ಅಂದುಬಿಟ್ಟರು. ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆಗೆ ಸೂಜಿ ಕಂಡಿದ್ದೇ ತಡ, ಹುಡುಗ ಮಂಚದ ಕೆಳಗೆ ಸೇರಿಕೊಂಡ. ಆಮೇಲೆ ನಾವು ಹೇಳಿದ್ದು ಒಂದನ್ನೂ ನಂಬಲಿಲ್ಲ.

ಮನೆಗೆ ಬಂದು ಅವನ ಕರಡಿ ಗೊಂಬೆಗೇ ಆಪರೇಷನ್ ಆಟ ಶುರು ಮಾಡಿದೆವು. ಅವನೇ ಡಾಕ್ಟರ್. ಚಹಾ ಸೋಸುವ ಜಾಲರಿಯೇ ಮಾಸ್ಕ್. "ಸ್ವಲ್ಪ ಚುರುಕ್ ಅನ್ನುತ್ತೆ, ಹತ್ತು ಎಣಿಸು" ಅಂತ ಕರಡಿಗೆ ಅವನೇ ಧೈರ್ಯ ಹೇಳುತ್ತಿದ್ದ! ಆ ಕರಡಿಯನ್ನೇ ಆಸ್ಪತ್ರೆಗೂ ಒಯ್ದೆವು.

ಸಣ್ಣವರಿಗೆ ಒಂದೆರಡು ದಿನ ಮುಂಚೆ ಹೇಳಿದರೆ ಸಾಕು, ಜಾಸ್ತಿ ಮೊದಲೇ ಹೇಳಿದರೆ ಸುಮ್ನೆ ಕೊರಗುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ವಾರ ಮೊದಲೇ ಹೇಳಿ.

ಅರಿವಳಿಕೆ ಡಾಕ್ಟರನ್ನು ನಾಚಿಕೆ ಬಿಟ್ಟು ಕೇಳಿ. ಸೂಜಿ ಚುಚ್ಚುವ ಜಾಗ ಮರಗಟ್ಟಿಸುವ ಕ್ರೀಮ್ ಇರುತ್ತದೆ, ಸುಮಾರು ಒಂದು ಗಂಟೆ ಮೊದಲು ಹಚ್ಚಬೇಕು. ಭಯ ತಗ್ಗಿಸುವ ಸಿರಪ್ ಕೂಡ ಇದೆ. ನಿದ್ದೆ ಬರುವವರೆಗೆ ಅಪ್ಪ ಅಥವಾ ಅವ್ವ ಪಕ್ಕದಲ್ಲಿ ಇರಲು ಕೆಲವು ಕಡೆ ಬಿಡುತ್ತಾರೆ.

ಊಟ, ಹಾಲು ಸಾಮಾನ್ಯವಾಗಿ ಆಪರೇಷನ್‌ಗೆ 6 ಗಂಟೆ ಮೊದಲೇ ಬಂದ್. ನೀರು ಎಷ್ಟೊತ್ತಿನವರೆಗೆ ಅಂತ ಕೇಳಿಕೊಳ್ಳಿ, ಎಷ್ಟೋ ಸಲ 2 ಗಂಟೆ ಮೊದಲಿನವರೆಗೂ ಕುಡಿಸಬಹುದು.

ಎಚ್ಚರವಾದಾಗ ಮಗು ಗುರುತೇ ಸಿಗದ ಹಾಗೆ ಅತ್ತು ರಂಪ ಮಾಡಬಹುದು. ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ನಮ್ಮವನು ಈಗ ಕುಂದಾ ಬಾಕಿ ಇದೆ ಅಂತ ಆಯಿಗೆ ದಿನಾ ಫೋನ್ ಮಾಡುತ್ತಿದ್ದಾನೆ.